ಬಾಲಪಾಠಗಳಲ್ಲಿ ದಯೆ ಮತ್ತು ಕೃತಜ್ಞತೆ: ಕೆಲವು ಕಥೆಗಳ ವಿಮರ್ಶೆ

೧

ಪ್ರಾಥಮಿಕ ಶಾಲೆಯ ವಾಚನಪುಸ್ತಕಗಳಲ್ಲಿ ದಯೆ, ಕೃತಜ್ಞತೆ, ಪರೋಪಕಾರ ಮೊದಲಾದ ಗುಣಗಳನ್ನು ಬೋಧಿಸುವ ಪಾಠಗಳಿಗೆ ಬಹುಕಾಲದಿಂದ ಒಂದು ಸ್ಥಾನ ಉಂಟು. ಅಂಥ ಪಾಠಗಳು ಇರಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಅವುಗಳನ್ನು ಸಾಹಿತ್ಯವೆಂದು ಎಣಿಸಿ, ಅವುಗಳ ಕಥಾರಚನೆಯನ್ನೂ ಪಾತ್ರವಿನ್ಯಾಸವನ್ನೂ ಪರೀಕ್ಷಿಸುವ ಪ್ರಯತ್ನ ವಿರಳ. ಬೋಧಿಸುವ ಗುಣ ಒಳ್ಳೆಯದಾದ ಮೇಲೆ ಪಾಠವೂ ಒಳ್ಳೆಯದೇ ಆಗಿರಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ಸಾಧುವಲ್ಲವೆಂದೂ, ಕಥೆಯ ಕಟ್ಟಡ ಕೆಟ್ಟಿದ್ದರೆ ಅದು ಬೋಧಿಸಹೊರಟ ಗುಣಕ್ಕೆ ತದ್ವಿರುದ್ಧವಾದುದನ್ನೇ ಮಗುವಿನ ಮನಸ್ಸಿನಲ್ಲಿ ಬಿತ್ತಬಹುದೆಂದೂ ತೋರಿಸುವುದು ಈ ಲೇಖನದ ಉದ್ದೇಶ. ಇದಕ್ಕಾಗಿ ನಾವು ಮಕ್ಕಳಿಗೆ ಪರಿಚಿತವಾದ ನಾಲ್ಕು ಕಥೆಗಳನ್ನು ಆರಿಸಿಕೊಂಡಿದ್ದೇವೆ: ಗೋವಿನ ಹಾಡು, ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ', ಮಹಾಭಾರತದ ಚಿನ್ನದ ಮುಂಗುಸಿಯ ಉಪಾಖ್ಯಾನ, ಮತ್ತು ಪ್ರೇಮಚಂದರ 'ಈದ್‌ಗಾಹ್'.

ಈ ಕಥೆಗಳನ್ನು ಪ್ರವೇಶಿಸುವ ಮೊದಲು, ಇವುಗಳಿಗೆ ಪ್ರತಿಯಾಗಿ ನಿಲ್ಲುವ ಒಂದು ಸಾಮಾನ್ಯ ಮಾದರಿಯನ್ನು ನೆನೆಯುವುದು ಅವಶ್ಯಕ. ಆ ಮಾದರಿ ಉಪಾಧ್ಯಾಯರೆಲ್ಲರಿಗೂ ಪರಿಚಿತವಾದುದೇ. ಅನುಕೂಲಸ್ಥರ ಮನೆಯ ಹುಡುಗನೊಬ್ಬ ಶಾಲೆಗೆ ಹೋಗುವ ದಾರಿಯಲ್ಲಿ ಚಳಿಯಿಂದ ನಡುಗುವ ಬಡವನೊಬ್ಬನನ್ನು ಕಾಣುತ್ತಾನೆ. ಮನೆಗೆ ಓಡಿ ತನ್ನ ಹಳೆಯ ಅಂಗಿಯನ್ನು ತಂದು ಕೊಡುತ್ತಾನೆ. ಬಡವನು ಕಣ್ಣೀರಿಟ್ಟು ಕೈಮುಗಿಯುತ್ತಾನೆ. ಸಂಗತಿ ತಿಳಿದ ತಂದೆತಾಯಿಗಳೂ ಗುರುಗಳೂ ಹುಡುಗನ ಬೆನ್ನು ತಟ್ಟುತ್ತಾರೆ. ಪಾಠದ ಕೊನೆಯಲ್ಲಿ, ಹುಡುಗನನ್ನು ಎಲ್ಲರೂ ಏಕೆ ಹೊಗಳಿದರೆಂಬ ಪ್ರಶ್ನೆ ಇರುತ್ತದೆ.

ಈ ಕಥೆಯಲ್ಲಿ ಯಾವ ದುರುದ್ದೇಶವೂ ಇಲ್ಲ. ಆದರೂ ಅದರ ಕಟ್ಟಡವನ್ನು ಬಿಡಿಸಿ ನೋಡಿದರೆ ಮೂರು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದಾಗಿ, ಕೊಡುವವನಿಗೆ ಹೆಸರುಂಟು, ಮನೆಯುಂಟು, ಮಾತುಂಟು. ತೆಗೆದುಕೊಳ್ಳುವವನು ಕೇವಲ 'ಒಬ್ಬ ಬಡವ'. ಎರಡನೆಯದಾಗಿ, ಕೊಟ್ಟ ವಸ್ತು ಕೊಡುವವನಿಗೆ ಬೇಡವಾದುದು. ಮೂರನೆಯದಾಗಿ, ಕೃತಜ್ಞತೆ ಒಂದೇ ದಿಕ್ಕಿನಲ್ಲಿ, ಬಡವನಿಂದ ಅನುಕೂಲಸ್ಥನ ಕಡೆಗೆ ಹರಿಯುತ್ತದೆ. ಹೀಗೆ ಕಥೆಯ ಬಾಯಿ ದಯೆಯನ್ನು ಹೇಳುತ್ತಿದ್ದರೂ ಅದರ ಒಡಲು ಹೇಳುವುದು ಬೇರೆ: ಲೋಕದಲ್ಲಿ ಕೊಡುವವರ ಜಾತಿ ಒಂದು, ಕೈಯೊಡ್ಡುವವರ ಜಾತಿ ಇನ್ನೊಂದು ಎಂಬುದು.

ಈ ಪಾಠವನ್ನು ಓದುವ ಮಕ್ಕಳು ಯಾರೆಂಬುದನ್ನೂ ವಿಮರ್ಶಕನು ಮರೆಯುವಂತಿಲ್ಲ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕುಳಿತಿರುವವರು ಬಹುಮಟ್ಟಿಗೆ ಕೂಲಿಕಾರರ, ಸಣ್ಣ ರೈತರ, ಕೈಕಸಬಿನವರ ಮಕ್ಕಳು. ಕಥೆಯಲ್ಲಿ ಚಳಿಯಿಂದ ನಡುಗುವವನು ಅವರಲ್ಲೊಬ್ಬನ ತಂದೆಯಾಗಿರಬಹುದು. ಅಂಥ ಮಗು ಗಟ್ಟಿಯಾಗಿ ಪಾಠ ಓದುವಾಗ ಯಾವ ಪಾತ್ರದಲ್ಲಿ ತನ್ನನ್ನು ಕಂಡುಕೊಳ್ಳಬೇಕು? ಕೊಡುವವನಾಗಲು ಅದಕ್ಕೆ ಹಳೆಯ ಅಂಗಿಯಿಲ್ಲ, ಮೈಮೇಲಿರುವುದೇ ಹಳೆಯದು. ತೆಗೆದುಕೊಳ್ಳುವವನಾದರೆ ತರಗತಿಯ ಎದುರಿನಲ್ಲಿ ಅದಕ್ಕೆ ನಾಚಿಕೆ. ಒಂದು ಮಗುವಿಗೆ ಹೆಮ್ಮೆಯನ್ನೂ ಪಕ್ಕದಲ್ಲಿ ಕುಳಿತ ಇನ್ನೊಂದಕ್ಕೆ ಅವಮಾನವನ್ನೂ ಕಲಿಸುವ ಪಾಠವನ್ನು ದಯೆಯ ಪಾಠವೆಂದು ಕರೆಯುವುದು ಹೇಗೆ?

೨

ಕನ್ನಡದ ನುಡಿಸಂಪತ್ತನ್ನು ನೋಡಿದರೆ ಕೊಡುಕೊಳ್ಳುವಿಕೆಯನ್ನು ನಮ್ಮ ಜನ ಇಷ್ಟು ಸರಳವಾಗಿ ಎಣಿಸಿರಲಿಲ್ಲವೆಂಬುದು ಗೊತ್ತಾಗುತ್ತದೆ. 'ಧನ್ಯವಾದ' ಎಂಬ ಮಾತು ಇಂದು ಸಭೆಗಳಲ್ಲಿಯೂ ಪತ್ರಗಳಲ್ಲಿಯೂ ಬಳಕೆಯಲ್ಲಿದೆಯಾದರೂ ಹಳ್ಳಿಯ ಮನೆಮಾತಿನಲ್ಲಿ ಅದರ ಬಳಕೆ ಕಡಮೆ. ಹಸಿದು ಬಂದ ಮುದುಕಿಗೆ ಅನ್ನವಿಕ್ಕಿದರೆ ಅವಳು ಧನ್ಯವಾದ ಹೇಳುವುದಿಲ್ಲ. 'ನಿನ್ನ ಹೊಟ್ಟೆ ತಣ್ಣಗಿರಲಿ' ಎಂದು ಹರಸುತ್ತಾಳೆ. ಇದು ಸಾಮಾನ್ಯ ಸಂಗತಿಯಲ್ಲ. ಹರಸುವ ಅಧಿಕಾರ ಹಿರಿಯರದು. ತೆಗೆದುಕೊಂಡವಳು ಹರಸಿದ ಕ್ಷಣದಲ್ಲಿ ಅವಳೇ ಕೊಡುವವಳಾದಳು. ಅನ್ನವಿಕ್ಕಿದವನು ತಲೆಬಾಗಿ ತೆಗೆದುಕೊಳ್ಳುವವನಾದನು.

'ಕೃತಜ್ಞ' ಎಂಬ ಸಂಸ್ಕೃತ ಶಬ್ದದ ಅರ್ಥವೂ ವಿಚಾರಯೋಗ್ಯವಾದುದು. ಮಾಡಿದುದನ್ನು ಅರಿತವನು ಕೃತಜ್ಞ. ಇಲ್ಲಿ ಕೈಮುಗಿಯುವಿಕೆಯ ಮಾತಿಲ್ಲ. ಅರಿವಿನ ಮಾತು ಮಾತ್ರ ಇದೆ. ತನಗಾಗಿ ಯಾರು ಏನು ಮಾಡಿದರೆಂಬುದನ್ನು ತಿಳಿಯುವುದೇ ಕೃತಜ್ಞತೆಯ ಮೊದಲ ಮೆಟ್ಟಿಲು. ಹಾಗೆ ನೋಡಿದರೆ ಅನುಕೂಲಸ್ಥನು ಅರಿಯಬೇಕಾದುದೇ ಹೆಚ್ಚು. ಏಕೆಂದರೆ ಅವನ ಊಟ, ಬಟ್ಟೆ, ಮನೆ, ಬೀದಿಯ ನೈರ್ಮಲ್ಯ ಎಲ್ಲವೂ ಅನ್ಯರ ದುಡಿಮೆಯಿಂದ ಬಂದವು. 'ಅನ್ನದ ಋಣ' ಎಂಬ ನಮ್ಮ ನುಡಿಗಟ್ಟು ಈ ಅರಿವನ್ನೇ ಸೂಚಿಸುತ್ತದೆ.

ವಚನಕಾರರ ಪರಂಪರೆಯಲ್ಲಿ ಬೆಳೆದ 'ದಾಸೋಹ'ದ ಕಲ್ಪನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಾನು ದಾಸ ಎಂಬ ಅರ್ಥದ ಈ ಶಬ್ದವು ನೀಡುವವನಿಗೆ ಸಲ್ಲುತ್ತದೆಯೇ ಹೊರತು ಪಡೆಯುವವನಿಗಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ನೀಡುವವನು ಸೇವಕ. ತನ್ನದಲ್ಲದುದನ್ನು ಸಲ್ಲಬೇಕಾದವರಿಗೆ ಸಲ್ಲಿಸಿದೆನೆಂಬ ಭಾವ ಅಲ್ಲಿಯದು. ಕರ್ನಾಟಕದ ಶಾಲೆಗಳ ಮಧ್ಯಾಹ್ನದ ಬಿಸಿಯೂಟದ ಯೋಜನೆಗೆ 'ಅಕ್ಷರ ದಾಸೋಹ' ಎಂಬ ಹೆಸರಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ. ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೧ರ ನವೆಂಬರ್ ೨೮ರಂದು ಆದೇಶಿಸಿತು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಅದನ್ನು ಮಕ್ಕಳ ಹಕ್ಕೆಂದು ಸ್ಥಾಪಿಸಿತು. ಆ ಊಟಕ್ಕಾಗಿ ಮಗುವು ಯಾರ ಮುಂದೆಯೂ ಕುಗ್ಗಬೇಕಾದುದಿಲ್ಲ. ಆದರೆ ಹೊಗೆಯಲ್ಲಿಯೋ ಬಿಸಿಯಲ್ಲಿಯೋ ನಿಂತು ಅದನ್ನು ಬೇಯಿಸಿದ ತಾಯಿಯನ್ನು ಅರಿಯಬೇಕಾದುದುಂಟು. ಹಕ್ಕಿಗೂ ಕೃತಜ್ಞತೆಗೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

೩

ಈ ಹಿನ್ನೆಲೆಯಲ್ಲಿ ಕಥೆಗಳನ್ನು ನೋಡೋಣ. ಹಲವು ತಲೆಮಾರುಗಳ ಕನ್ನಡ ಮಕ್ಕಳು ಕಣ್ಣೀರಿನೊಡನೆ ಓದಿದ ಗೋವಿನ ಹಾಡನ್ನು ನಾವು ಸಾಮಾನ್ಯವಾಗಿ ಸತ್ಯದ ಕಥೆಯೆಂದು ಬೋಧಿಸುತ್ತೇವೆ. ಕೊಟ್ಟ ಮಾತಿಗೆ ತಪ್ಪದೆ ಪುಣ್ಯಕೋಟಿ ಹುಲಿಯ ಬಳಿಗೆ ಮರಳಿತೆಂಬುದೇ ಅದರ ಸಾರವೆಂದು ಮಕ್ಕಳು ಬರೆಯುತ್ತಾರೆ. ಆದರೆ ದಯೆಯ ದೃಷ್ಟಿಯಿಂದ ಈ ಹಾಡಿನ ಹೃದಯಸ್ಥಾನವಿರುವುದು ಗುಹೆಯಲ್ಲಲ್ಲ, ದೊಡ್ಡಿಯಲ್ಲಿ. ಸಾಯಲು ಹೊರಟ ತಾಯಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಭಾಗವನ್ನು ಗಮನಿಸಬೇಕು. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮ ಮಗುವೆಂದೇ ಕಾಣಿರಿ ಎಂಬ ಅಭಿಪ್ರಾಯದ ಮಾತುಗಳು ಅವು. ದಿಕ್ಕಿಲ್ಲದ ಮಗುವಿನ ಸಂಕಟ ಯಾವುದೆಂಬುದನ್ನು ಕವಿ ಎಷ್ಟು ಸೂಕ್ಷ್ಮವಾಗಿ ಬಲ್ಲ! ಹಸಿವೆ ಅದರ ಅರ್ಧಭಾಗ ಮಾತ್ರ. ಮುಂದೆ ಹೋದರೂ ಹಿಂದೆ ಹೋದರೂ ದೂಡಿಸಿಕೊಳ್ಳುವುದು ಇನ್ನರ್ಧ. ಹಸುಗಳು ಒಪ್ಪಿಕೊಳ್ಳುವುದು ಕರುವಿಗೆ ಮೇವು ಹಾಕುವುದನ್ನಲ್ಲ, ಅದನ್ನು ತಮ್ಮದಾಗಿ ಮಾಡಿಕೊಳ್ಳುವುದನ್ನು. ಇಲ್ಲಿ ದಯೆ ಎಂದರೆ ಬಾಂಧವ್ಯ. ಹುಲಿಯ ಪರಿವರ್ತನೆಯಾಗುವುದೂ ಇದೇ ದಾರಿಯಿಂದಲೇ: ಮರಳಿ ಬಂದ ಹಸುವಿನಲ್ಲಿ ಅದು ಆಹಾರವನ್ನು ಕಾಣದೆ ಒಡಹುಟ್ಟಿದ ಅಕ್ಕನನ್ನು ಕಾಣುತ್ತದೆ.

ಆದರೆ ಈ ಹಾಡನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಬಲಹೀನನು ಬಲಿಷ್ಠನಿಗೆ ತನ್ನನ್ನು ಒಪ್ಪಿಸಿಕೊಳ್ಳುವುದೇ ಧರ್ಮವೆಂಬ ಪಾಠವನ್ನು ಇದರಿಂದ ಯಾರಾದರೂ ತೆಗೆದಾರು. ಹುಲಿ ಏನು ತಿನ್ನಬೇಕೆಂದು ಕೇಳುವ ಚುರುಕು ಹುಡುಗ ಪ್ರತಿ ತರಗತಿಯಲ್ಲಿಯೂ ಇರುತ್ತಾನೆ. ಆ ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ತಪ್ಪು. ಹಸಿದ ಹುಲಿಯ ಕಷ್ಟವನ್ನೂ ಯೋಚಿಸುವ ಹುಡುಗನು ಹಾಡಿನ ದಯೆಯನ್ನು ಹಾಡಿಗಿಂತ ಮುಂದಕ್ಕೆ ಒಯ್ದಿದ್ದಾನೆ.

'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಕೃತಜ್ಞತೆಯ ಪ್ರಶ್ನೆ ನೇರವಾಗಿಯೇ ಎದ್ದು ನಿಲ್ಲುತ್ತದೆ. ರಾಬರ್ಟ್ ಬ್ರೌನಿಂಗನು ೧೮೪೨ರಲ್ಲಿ ಪ್ರಕಟಿಸಿದ ಹ್ಯಾಮಲಿನ್ ನಗರದ ಕೊಳಲುಗಾರನ ಕವನವನ್ನು ಕುವೆಂಪು ಅವರು ಕನ್ನಡದ ನೆಲಕ್ಕೆ ತಂದರು. ಬ್ರೌನಿಂಗನು ಅದನ್ನು ಬರೆದದ್ದು ಕಾಯಿಲೆಯಿಂದ ಮಲಗಿದ್ದ ಒಬ್ಬ ಬಾಲಕನಿಗಾಗಿ. ಮಾತಿಗೆ ತಪ್ಪಬಾರದೆಂಬ ನೀತಿಯನ್ನು ಆ ಬಾಲಕನಿಗೆ ಹೇಳಿಯೇ ಅವನು ಕವನವನ್ನು ಮುಗಿಸುತ್ತಾನೆ. ಇಲಿಗಳ ಕಾಟದಿಂದ ಊರನ್ನು ಪಾರುಮಾಡಿದವನಿಗೆ ಊರಿನ ಹಿರಿಯರು ಒಪ್ಪಿದ ಹಣವನ್ನು ಕೊಡದೆಹೋದರು. ಅವನು ಊರಿನ ಮಕ್ಕಳನ್ನೆಲ್ಲ ಕರೆದುಕೊಂಡು ಹೋದನು.

ಇದನ್ನು ಬರಿಯ ವಚನಭಂಗದ ಕಥೆಯೆಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಒಪ್ಪಿದ ಹಣವನ್ನು ಕೊಡದಿರುವ ಧೈರ್ಯ ಹಿರಿಯರಿಗೆ ಬಂದದ್ದು ಹೇಗೆ? ಎದುರಿಗೆ ನಿಂತವನು ಬಣ್ಣದ ಉಡುಪಿನ ಅಲೆಮಾರಿ ಎಂಬುದರಿಂದ. ಸರಿಕನಾದ ವರ್ತಕನೊಬ್ಬನಿಗೆ ಅವರು ಹೀಗೆ ಮಾಡುತ್ತಿರಲಿಲ್ಲ. ಮೂಲದ ನಗರಾಧ್ಯಕ್ಷನು ಈ ತಿರಸ್ಕಾರವನ್ನು ಮನಸ್ಸಿನಲ್ಲಿ ಮುಚ್ಚಿಟ್ಟುಕೊಳ್ಳುವುದೂ ಇಲ್ಲ. ಕುವೆಂಪು ಅವರು ಕೊಳಲುಗಾರನನ್ನು ಕಿಂದರಿ ಹಿಡಿದ ಜೋಗಿಯನ್ನಾಗಿ ಮಾಡಿದ್ದು ಈ ಅಂಶವನ್ನು ಕನ್ನಡ ಮಗುವಿಗೆ ಇನ್ನೂ ಹತ್ತಿರ ತರುತ್ತದೆ. ಜೋಗಿಯೆಂದರೆ ನಮ್ಮ ಹಳ್ಳಿಗಳ ಮನೆಬಾಗಿಲಿಗೆ ಹಾಡುತ್ತ ಬಂದು ಕಾಳು ಪಡೆದು ಹೋಗುವವನು. ಲೋಕದ ಲೆಕ್ಕದಲ್ಲಿ ಅವನು ಬೇಡುವವನು. ಕವನದಲ್ಲಿಯಾದರೋ ಊರೇ ಅವನಿಗೆ ಸಾಲಗಾರ. ಹಳೆಯ ಅಂಗಿಯ ಕಥೆಯಲ್ಲಿ ಬಡವನು ಕೃತಜ್ಞನಾಗಿರಬೇಕಿತ್ತು. ಇಲ್ಲಿ ಗೌಡನು ಕೃತಜ್ಞನಾಗಿರಬೇಕಿತ್ತು, ಆಗಲಿಲ್ಲ. ಲಯಕ್ಕೆ ಮೈಮರೆತು ಕುಣಿಯುವ ಮಗು ತನಗರಿವಿಲ್ಲದೆಯೇ ಜೋಗಿಯ ಪಕ್ಷವನ್ನು ವಹಿಸುತ್ತದೆ. ಯಾವ ಉಪದೇಶವೂ ಮಾಡಲಾರದ ಕೆಲಸ ಇದು.

ದೊಡ್ಡವರ ತಪ್ಪಿಗೆ ಮಕ್ಕಳು ಶಿಕ್ಷೆ ಅನುಭವಿಸುವುದು ನ್ಯಾಯವೇ ಎಂಬ ಆಕ್ಷೇಪವನ್ನು ಇಲ್ಲಿ ಎತ್ತಬಹುದು. ನ್ಯಾಯವಲ್ಲ, ಆದರೆ ಸತ್ಯ. ಹಿರಿಯರು ದುಡಿಯುವವರನ್ನು ವಂಚಿಸಿದ ಊರಿನಲ್ಲಿ ಕಿರಿಯರು ನೆಮ್ಮದಿಯಿಂದ ಬೆಳೆಯಲಾರರೆಂಬುದನ್ನು ಮಕ್ಕಳ ಭಾಷೆಯಲ್ಲಿ ಹೇಳಲು ಇದಕ್ಕಿಂತ ಬೇರೆ ಉಪಾಯವಿರಲಾರದು.

೪

ಈ ಎರಡು ಕವನಗಳಲ್ಲಿ ದಯೆ ಯಾವುದು, ಕೃತಘ್ನತೆ ಯಾವುದು ಎಂಬುದು ಸ್ಪಷ್ಟವಾಯಿತು. ಬಡವನೇ ಕೊಡುವವನಾಗಿ ನಿಂತಿರುವುದನ್ನು ಉಳಿದ ಎರಡು ಕಥೆಗಳಲ್ಲಿ ಕಾಣುತ್ತೇವೆ.

ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ, ಯುಧಿಷ್ಠಿರನ ಮಹಾಯಾಗ ಮುಗಿದು ಎಲ್ಲರೂ ಅವನನ್ನು ಕೊಂಡಾಡುತ್ತಿರುವಾಗ, ಮೈಯ ಅರ್ಧಭಾಗ ಚಿನ್ನವಾಗಿರುವ ಮುಂಗುಸಿಯೊಂದು ಬಂದು ಈ ಯಾಗವು ಒಂದು ಸೇರು ಹಿಟ್ಟಿಗೆ ಸಮನಲ್ಲವೆಂದು ಸಾರುತ್ತದೆ. ಕುರುಕ್ಷೇತ್ರದಲ್ಲಿ ಉದುರಿದ ಕಾಳನ್ನು ಆಯ್ದು ಬದುಕುತ್ತಿದ್ದ ಬ್ರಾಹ್ಮಣ ಕುಟುಂಬವೊಂದಕ್ಕೆ ಕ್ಷಾಮಕಾಲದಲ್ಲಿ ಕಷ್ಟದಿಂದ ಸ್ವಲ್ಪ ಜವೆ ದೊರೆಯಿತು. ಅದನ್ನು ಹಿಟ್ಟುಮಾಡಿ ನಾಲ್ವರೂ ಹಂಚಿಕೊಂಡು ಉಣ್ಣಲು ಕುಳಿತಾಗ ಅತಿಥಿ ಬಂದನು. ತಂದೆ, ತಾಯಿ, ಮಗ, ಸೊಸೆ ಒಬ್ಬರಾದ ಮೇಲೊಬ್ಬರು ತಮ್ಮ ಪಾಲನ್ನು ಅವನಿಗೆ ಕೊಟ್ಟರು. ಅಲ್ಲಿ ಉದುರಿದ ಹಿಟ್ಟಿನಲ್ಲಿ ಹೊರಳಿದ ಮುಂಗುಸಿಯ ಅರ್ಧ ಮೈ ಹೊನ್ನಾಯಿತು. ಉಳಿದರ್ಧಕ್ಕಾಗಿ ಅದು ಯಜ್ಞಶಾಲೆಗಳನ್ನು ಸುತ್ತುತ್ತಲೇ ಇದೆ. ಚಕ್ರವರ್ತಿಯ ದಾನಶಾಲೆಯ ನಡುವೆ ಒಂದು ಸಣ್ಣ ಪ್ರಾಣಿಯ ಬಾಯಲ್ಲಿ ಈ ಮಾತನ್ನು ಇಟ್ಟಿರುವ ಕಥನಕೌಶಲ ಅಸಾಧಾರಣವಾದುದು. ದಾನದ ಅಳತೆಗೋಲು ಕೊಟ್ಟುದರ ಮೊತ್ತವಲ್ಲ, ಕೊಟ್ಟ ಮೇಲೆ ತನಗೆ ಉಳಿದುದು ಎಷ್ಟೆಂಬುದು ಎಂಬ ತತ್ತ್ವ ಇಲ್ಲಿ ಕಣ್ಣಿಗೆ ಕಾಣುವ ಚಿತ್ರವಾಗಿದೆ.

ಆದರೆ ಇದು ಎಳೆಯ ಮಕ್ಕಳಿಗೆ ಸುಲಭವಾಗಿ ಎಟಕುವ ತತ್ತ್ವವಲ್ಲ. ಚಿಕ್ಕ ಮಕ್ಕಳು ಕೃತ್ಯದ ಗುಣದೋಷಗಳನ್ನು ಅದರ ಹಿಂದಿನ ಉದ್ದೇಶದಿಂದಲ್ಲದೆ ಹೊರಗೆ ಕಾಣುವ ಫಲದ ಗಾತ್ರದಿಂದ ಅಳೆಯುವ ಪ್ರವೃತ್ತಿಯುಳ್ಳವರೆಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ ೧೯೩೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದರು. ಅರಿಯದೆ ಹದಿನೈದು ಬಟ್ಟಲುಗಳನ್ನು ಒಡೆದ ಹುಡುಗನು, ಕದ್ದು ತಿನ್ನಹೋಗಿ ಒಂದನ್ನು ಒಡೆದವನಿಗಿಂತ ಹೆಚ್ಚು ತಪ್ಪಿತಸ್ಥನೆಂದು ಅವರು ಮಾತನಾಡಿಸಿದ ಎಳೆಯ ಮಕ್ಕಳಲ್ಲಿ ಹಲವರು ತೀರ್ಮಾನಿಸಿದರು. ಅಂಥ ಮಗುವಿಗೆ ದೊಡ್ಡ ದಾನವೇ ದೊಡ್ಡದಾಗಿ ಕಾಣುವುದು ಸಹಜ. ಆದುದರಿಂದ ಮುಂಗುಸಿಯ ಕಥೆ ಮೂರನೆಯ ತರಗತಿಗಿಂತ ಐದನೆಯದಕ್ಕೆ ಹೆಚ್ಚು ಒಪ್ಪುತ್ತದೆಂದು ನಮ್ಮ ಅಭಿಪ್ರಾಯ.

ಆ ತತ್ತ್ವವನ್ನೇ ಮಕ್ಕಳ ಲೋಕದ ಒಳಗಿನಿಂದ ಹೇಳುವ ಕಥೆ ಪ್ರೇಮಚಂದರು ೧೯೩೩ರಲ್ಲಿ ಬರೆದ 'ಈದ್‌ಗಾಹ್'. ತಂದೆತಾಯಿಗಳಿಲ್ಲದ, ನಾಲ್ಕೈದು ವರ್ಷದ ಹಾಮಿದನು ಈದ್ ಹಬ್ಬದ ಜಾತ್ರೆಗೆ ಮೂರು ಪೈಸೆಗಳೊಡನೆ ಹೋಗುತ್ತಾನೆ. ಜೊತೆಯ ಹುಡುಗರು ಮಣ್ಣಿನ ಬೊಂಬೆಗಳನ್ನೂ ಮಿಠಾಯಿಗಳನ್ನೂ ಕೊಂಡು ಅವನನ್ನು ಹಂಗಿಸುತ್ತಾರೆ. ಅವನಾದರೋ ರೊಟ್ಟಿ ಸುಡುವಾಗ ಅಜ್ಜಿಯ ಬೆರಳು ಬೇಯುವುದನ್ನು ನೆನೆದು, ಚೌಕಾಸಿ ಮಾಡಿ, ಇದ್ದ ಮೂರು ಪೈಸೆಗೂ ಒಂದು ಕಬ್ಬಿಣದ ಚಿಮಟವನ್ನು ಕೊಳ್ಳುತ್ತಾನೆ.

ಈ ಕಥೆಯ ಶ್ರೇಷ್ಠತೆ ಮೂರು ಅಂಶಗಳಲ್ಲಿದೆ. ಹಾಮಿದನು ಆಸೆಗಳಿಲ್ಲದ ಸಂತನಲ್ಲ. ಮಿಠಾಯಿಯನ್ನು ಕಂಡು ಅವನ ಬಾಯಲ್ಲೂ ನೀರೂರುತ್ತದೆ, ಹಂಗಿಸಿದವರ ಮೇಲೆ ಸಿಟ್ಟೂ ಬರುತ್ತದೆ. ಆದುದರಿಂದ ಅವನ ತ್ಯಾಗಕ್ಕೆ ಬೆಲೆಯುಂಟು. ಎರಡನೆಯದಾಗಿ, ಅವನು ದೀನನಲ್ಲ. ಚಿಮಟವನ್ನು ಹೆಗಲ ಮೇಲೆ ಬಂದೂಕದಂತೆ ಹೊತ್ತು ಬಂದು, ಮಣ್ಣಿನ ಬೊಂಬೆಗಳಿಗಿಂತ ಅದೇ ಮೇಲೆಂದು ವಾದ ಹೂಡಿ ಗೆಲ್ಲುತ್ತಾನೆ. ಬಡ ಮಗುವಿಗೆ ಬುದ್ಧಿಯನ್ನೂ ಬಾಯನ್ನೂ ಅಭಿಮಾನವನ್ನೂ ಕೊಟ್ಟ ಕಥೆ ಇದು. ಮೂರನೆಯದಾಗಿ, ಇಲ್ಲಿ ಕೃತಜ್ಞತೆ ಉಪಚಾರದ ಮಾತಾಗುವುದಿಲ್ಲ. ಅಜ್ಜಿ ಅಮೀನಾ ಮೊದಲು ಗದರಿಸುತ್ತಾಳೆ. ಕಾರಣ ತಿಳಿದಾಗ ಮಗುವಿನಂತೆ ಅತ್ತು, ಸೆರಗೊಡ್ಡಿ ಅವನನ್ನು ಹರಸುತ್ತಾಳೆ. ಆ ಕ್ಷಣದಲ್ಲಿ ಮಗು ಮುದುಕನ ಪಾತ್ರವನ್ನೂ ಮುದುಕಿ ಮಗುವಿನ ಪಾತ್ರವನ್ನೂ ವಹಿಸಿದರೆಂದು ಪ್ರೇಮಚಂದರು ಸೂಚಿಸುತ್ತಾರೆ. ಕೊಟ್ಟವರಾರು, ಪಡೆದವರಾರು ಎಂದು ಬೇರ್ಪಡಿಸಲಾಗದ ಸ್ಥಿತಿ ಇದು. ಹಿಂದೆ ನಾವು ಕಂಡ 'ಹೊಟ್ಟೆ ತಣ್ಣಗಿರಲಿ' ಎಂಬ ಹರಕೆಯ ಲೋಕವೇ ಇಲ್ಲಿಯೂ ಇದೆ.

೫

ಇಷ್ಟಾದ ಮೇಲೆ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಬಡವರ ಔದಾರ್ಯವನ್ನು ಕೊಂಡಾಡುವ ಕಥೆಗಳಿಗೂ ಒಂದು ಅಪಾಯವುಂಟು. ಹಸಿದವನು ಕೊಟ್ಟದ್ದೇ ಹೊನ್ನಾಗುವುದಾದರೆ ಹಸಿವೆಯನ್ನು ನೀಗಿಸುವ ಗೋಜೇಕೆ ಎಂದು ಹೊಟ್ಟೆ ತುಂಬಿದವನು ನೆಮ್ಮದಿ ಹೊಂದಬಹುದು. ಹಾಮಿದನ ಗುಣವನ್ನು ಮೆಚ್ಚುವ ಓದುಗನು, ಅವನ ಅಜ್ಜಿಯ ಕೈಯಲ್ಲಿ ಒಂದು ಚಿಮಟಕ್ಕೂ ಹಣವಿರಲಿಲ್ಲವೇಕೆ ಎಂಬುದನ್ನು ಕೇಳದೆಹೋದರೆ ಕಥೆ ವ್ಯರ್ಥ. ಬಡತನದ ಕಾರಣಗಳನ್ನು ಕುರಿತ ಪ್ರಶ್ನೆ ಹತ್ತು ವರ್ಷದ ಮಗುವಿಗೆ ಮೀರಿದ್ದೆಂದು ನಾವು ಎಣಿಸುವುದಿಲ್ಲ. ಜೋಗಿಗೆ ಕೂಲಿ ಸಿಗಲಿಲ್ಲವೆಂಬುದನ್ನು ಅರಿಯಬಲ್ಲ ಮಗು ಕೂಲಿ ಸಿಗದ ಬೇರೆಯವರನ್ನೂ ಅರಿಯಬಲ್ಲದು.

ನೀತಿಯನ್ನು ಸ್ಪಷ್ಟವಾಗಿ ಹೇಳದಿದ್ದರೆ ಮಕ್ಕಳಿಗೆ ತಿಳಿಯುವುದಿಲ್ಲವೆಂದು ಕೆಲವು ಉಪಾಧ್ಯಾಯರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಬ್ರೌನಿಂಗನೂ ಕೊನೆಯಲ್ಲಿ ನೀತಿಯನ್ನು ಹೇಳಿಯೇ ಮುಗಿಸಿದನು. ಆದರೆ ಅಷ್ಟು ಹೊತ್ತಿಗೆ ಕಥೆ ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ಕಥೆ ಒಂದು ಹೇಳುತ್ತಿರುವಾಗ ನೀತಿವಾಕ್ಯ ಇನ್ನೊಂದನ್ನು ಹೇಳಿದರೆ ಮಗು ನಂಬುವುದು ಕಥೆಯನ್ನೇ.

ಆದುದರಿಂದ ದಯೆಯ ಪಾಠವೊಂದನ್ನು ಆರಿಸುವವರು, ಬರೆಯುವವರು, ಬೋಧಿಸುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಕಥೆಯಲ್ಲಿ ಬಡವನಿಗೆ ಹೆಸರೂ ಮಾತೂ ಉಂಟೆ? ಕೊಡುವವನು ತನಗೆ ಬೇಕಾದುದನ್ನು ಕೊಟ್ಟನೆ, ಬೇಡವಾದುದನ್ನೆ? ಕೃತಜ್ಞತೆ ಎರಡೂ ದಿಕ್ಕಿಗೆ ಹರಿಯುತ್ತದೆಯೆ? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರವಿಲ್ಲದ ಪಾಠವನ್ನು ಪುಸ್ತಕದಿಂದ ಕಿತ್ತುಹಾಕುವ ಅಧಿಕಾರ ತರಗತಿಯ ಉಪಾಧ್ಯಾಯರಿಗಿಲ್ಲ. ಆದರೆ ಪಾಠದ ಕೊನೆಯ ಪ್ರಶ್ನೆಯನ್ನು ಬದಲಿಸುವ ಸ್ವಾತಂತ್ರ್ಯ ಅವರಿಗುಂಟು. ಹುಡುಗನನ್ನು ಏಕೆ ಹೊಗಳಿದರೆಂದು ಕೇಳುವ ಬದಲು, ಚಳಿಯಿಂದ ನಡುಗುತ್ತಿದ್ದವನ ಹೆಸರೇನಿರಬಹುದು, ಅವನು ಯಾವ ಕೆಲಸ ಮಾಡುತ್ತಿದ್ದಿರಬಹುದು, ಆ ಕೆಲಸದಿಂದ ನಮಗೇನು ಉಪಯೋಗ ಎಂದು ಕೇಳಬಹುದು. ಶಾಲೆಯ ಅಡುಗೆಯವರು, ಬೀದಿ ಗುಡಿಸುವ ಪೌರಕಾರ್ಮಿಕರು, ಕಬ್ಬು ಕಡಿಯಲು ಊರೂರು ಅಲೆಯುವ ಕೂಲಿಗಳು ಇವರಿಗೆ ನಾವು ಯಾವುದಕ್ಕಾಗಿ ಋಣಿಗಳೆಂದು ಮಕ್ಕಳಿಂದಲೇ ಹೇಳಿಸಬಹುದು. ಆ ತರಗತಿಯಲ್ಲಿ ಅವರ ಮಕ್ಕಳೂ ಕುಳಿತಿರುತ್ತಾರೆ. ತಮ್ಮ ತಂದೆತಾಯಿಗಳ ದುಡಿಮೆಯ ಹೆಸರನ್ನು ಗೌರವದಿಂದ ಉಚ್ಚರಿಸಿದುದನ್ನು ಅವರು ಕೇಳುವಂತಾದರೆ, ದಯೆಯ ಪಾಠ ಆ ದಿನದ ಮಟ್ಟಿಗೆ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.